ವಾರದ ಪಾಳಿ ಲೆಕ್ಕ: ಯಾವ ಸುಳಿವಿನಿಂದ ಶುರು ಮಾಡಬೇಕು?

ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆಯುತ್ತೇವೆ ಎನ್ನುವವರು ನಮ್ಮ ವಾಣಿಜ್ಯ ವಿಭಾಗದಲ್ಲಿ ಬಹಳ ಜನ ಇದ್ದಾರೆ. ಗ್ರಾಮೀಣ ಬ್ಯಾಂಕುಗಳ ಆಫೀಸ್ ಅಸಿಸ್ಟೆಂಟ್ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ 45 ನಿಮಿಷಕ್ಕೆ 80 ಪ್ರಶ್ನೆಗಳು. ಅದರಲ್ಲಿ 40 ತಾರ್ಕಿಕ ಸಾಮರ್ಥ್ಯಕ್ಕೆ ಸೇರಿದವು. ಅಲ್ಲಿ "ಸೋಮವಾರದಿಂದ ಭಾನುವಾರದವರೆಗೆ ಏಳು ಜನರು..." ಎಂದು ಶುರುವಾಗುವ ಲೆಕ್ಕ ಕಂಡರೆ ಹೆಚ್ಚಿನವರು ಬಿಟ್ಟು ಮುಂದೆ ಹೋಗುತ್ತಾರೆ. ಆದರೆ ಸಾಮಾನ್ಯವಾಗಿ ಒಂದೇ ಜೋಡಣೆಯ ಮೇಲೆ ಐದು ಪ್ರಶ್ನೆಗಳಿರುತ್ತವೆ. ಬಿಟ್ಟರೆ ಐದು ಅಂಕ ಹೋಯಿತು. ತಪ್ಪಾಗಿ ಜೋಡಿಸಿ ಐದೂ ತಪ್ಪಾದರೆ, ತಪ್ಪಿಗೆ ಕಾಲು ಅಂಕದಂತೆ ಇನ್ನೂ 1.25 ಅಂಕ ಕಡಿತ. ಈ ಲೆಕ್ಕಕ್ಕೆ ವಿಶೇಷ ಬುದ್ಧಿ ಬೇಕು ಎಂದು ನನಗೆ ಅನಿಸುವುದಿಲ್ಲ. ಯಾವ ಸುಳಿವನ್ನು ಮೊದಲು ಹಿಡಿಯಬೇಕು ಎಂಬುದು ಗೊತ್ತಿದ್ದರೆ ಸಾಕು.

ಉದಾಹರಣೆಯನ್ನು ನಮ್ಮ ಕಡೆಯದನ್ನೇ ತೆಗೆದುಕೊಳ್ಳೋಣ. ರಾಮಥಾಳ ಹನಿ ನೀರಾವರಿ ಯೋಜನೆಯನ್ನು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಹುನಗುಂದ ಭಾಗದ 24,000 ಹೆಕ್ಟೇರ್ ಹೊಲಗಳಿಗೆ ನೀರು ಕೊಡಲೆಂದು ಮಾಡಿದ್ದಾರೆ. ಅಷ್ಟು ಜಾಗಕ್ಕೆ ಒಂದೇ ಹೊತ್ತಿಗೆ ನೀರು ಬಿಡಲು ಬರುವುದಿಲ್ಲ, ಪಾಳಿ ಮಾಡಲೇಬೇಕು. ಏಳು ಬೆಳೆಗಳಿಗೆ ಸೋಮವಾರದಿಂದ ಭಾನುವಾರದವರೆಗೆ ದಿನಕ್ಕೆ ಒಂದರಂತೆ ನೀರು ಎಂದುಕೊಳ್ಳಿ: ಜೋಳ, ತೊಗರಿ, ಕಡಲೆ, ಸೂರ್ಯಕಾಂತಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ಗೋವಿನಜೋಳ. (ಪಾಳಿ ನಾನು ಕಟ್ಟಿದ್ದು, ಯಾರ ಹೊಲದ್ದೂ ಅಲ್ಲ.) ಸುಳಿವುಗಳು ಹೀಗಿವೆ:

1. ತೊಗರಿಗೆ ಜೋಳದ ನಂತರ ನೀರು.
2. ಸೂರ್ಯಕಾಂತಿಗೆ ಗುರುವಾರ.
3. ಉಳ್ಳಾಗಡ್ಡಿ ಮೊದಲು, ಮೆಣಸಿನಕಾಯಿ ಆಮೇಲೆ; ಇವೆರಡರ ನಡುವೆ ಸರಿಯಾಗಿ ಎರಡು ಬೆಳೆಗಳ ಪಾಳಿ.
4. ಮೆಣಸಿನಕಾಯಿಯ ಮರುದಿನವೇ ಕಡಲೆ.
5. ಗೋವಿನಜೋಳಕ್ಕೆ ಕಡಲೆಯ ನಂತರ.

ಏಳು ಬೆಳೆಗಳನ್ನು ಏಳು ದಿನಕ್ಕೆ 5040 ರೀತಿಯಲ್ಲಿ ಹೊಂದಿಸಬಹುದು (7×6×5×4×3×2×1). ಮೊದಲ ಸುಳಿವು ಅದರಲ್ಲಿ ಅರ್ಧವನ್ನು ಮಾತ್ರ ಕಳೆಯುತ್ತದೆ, 2520 ಉಳಿಯುತ್ತವೆ. ಎರಡನೆಯದನ್ನೊಂದೇ ಹಿಡಿದರೆ 720, ಮೂರನೆಯದನ್ನೊಂದೇ ಹಿಡಿದರೆ 480. ಮೊದಲನೇ ಸಾಲಿನಿಂದಲೇ ಕಚ್ಚಾ ಹಾಳೆಯಲ್ಲಿ ಬರೆಯಲು ಹೋದರೆ ಯಾಕೆ ಸಿಕ್ಕಿಕೊಳ್ಳುತ್ತೇವೆ ಎಂಬುದು ಇಲ್ಲಿ ಕಾಣುತ್ತದೆ. ಸುಳಿವುಗಳನ್ನು ಕೊಟ್ಟ ಕ್ರಮದಲ್ಲೇ ಬಳಸಬೇಕು ಎಂದು ಯಾರೂ ಹೇಳಿಲ್ಲ.

ಇನ್ನೂ ಒಳ್ಳೆಯ ದಾರಿಯಿದೆ. ಒಂದೇ ಹೆಸರು ಬರುವ ಎರಡು ಸುಳಿವುಗಳನ್ನು ಹುಡುಕಿ. ಮೂರು ಮತ್ತು ನಾಲ್ಕರಲ್ಲಿ ಮೆಣಸಿನಕಾಯಿ ಇದೆ. ಎರಡನ್ನೂ ಕೂಡಿಸಿದರೆ ಹೀಗೊಂದು ತುಂಡು ಸಿಗುತ್ತದೆ: ಉಳ್ಳಾಗಡ್ಡಿ, ಖಾಲಿ, ಖಾಲಿ, ಮೆಣಸಿನಕಾಯಿ, ಕಡಲೆ. ಐದು ದಿನದ ಈ ತುಂಡು ಏಳು ದಿನದ ವಾರದಲ್ಲಿ ಮೂರೇ ಕಡೆ ಕೂಡುತ್ತದೆ: ಸೋಮವಾರ, ಮಂಗಳವಾರ ಅಥವಾ ಬುಧವಾರದಿಂದ ಶುರುವಾಗಬೇಕು. 5040 ಇದ್ದದ್ದು 72ಕ್ಕೆ ಇಳಿಯಿತು.

ಈಗ ಗುರುವಾರದ ಸೂರ್ಯಕಾಂತಿ ತನ್ನಿ. ತುಂಡು ಸೋಮವಾರ ಶುರುವಾದರೆ ಗುರುವಾರ ಮೆಣಸಿನಕಾಯಿ ಬರುತ್ತದೆ, ಆಗುವುದಿಲ್ಲ. ಬುಧವಾರ ಶುರುವಾದರೆ ಕಡಲೆ ಭಾನುವಾರಕ್ಕೆ ಹೋಗುತ್ತದೆ. ಅದರ ನಂತರ ಗೋವಿನಜೋಳಕ್ಕೆ ದಿನವೇ ಇಲ್ಲ. ಮಂಗಳವಾರ ಒಂದೇ ಉಳಿಯಿತು. ಅಂದರೆ ಉಳ್ಳಾಗಡ್ಡಿ ಮಂಗಳವಾರ, ಸೂರ್ಯಕಾಂತಿ ಗುರುವಾರ, ಮೆಣಸಿನಕಾಯಿ ಶುಕ್ರವಾರ, ಕಡಲೆ ಶನಿವಾರ, ಗೋವಿನಜೋಳ ಭಾನುವಾರ. ಖಾಲಿ ಇರುವುದು ಸೋಮವಾರ ಮತ್ತು ಬುಧವಾರ. ಮೊದಲು ಬದಿಗಿಟ್ಟ ಒಂದನೇ ಸುಳಿವು ಈಗ ಕೆಲಸಕ್ಕೆ ಬರುತ್ತದೆ: ಜೋಳ ಸೋಮವಾರ, ತೊಗರಿ ಬುಧವಾರ.

ಭಾನುವಾರದ ಮುಂದೆ ಸೋಮವಾರ ಬರುತ್ತದಲ್ಲ ಎಂದು ಕೆಲವರು ಗೋವಿನಜೋಳವನ್ನು ಸುತ್ತು ಹಾಕಿಸಿ ಸೋಮವಾರಕ್ಕೆ ತರುತ್ತಾರೆ. "ಸೋಮವಾರದಿಂದ ಭಾನುವಾರದವರೆಗೆ" ಎಂದು ಕೊಟ್ಟಿದ್ದರೆ ವಾರ ಅಲ್ಲಿಗೆ ಮುಗಿಯಿತು. ವಾರ ಬುಧವಾರದಿಂದ ಶುರುವಾಗುವ ಲೆಕ್ಕಗಳೂ ಬರುತ್ತವೆ, ಆದ್ದರಿಂದ ಮೊದಲನೇ ಸಾಲನ್ನು ಓಡಿಸಿ ಓದಬೇಡಿ.

ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ನಮ್ಮ ರಾಜ್ಯದಲ್ಲಿ ಕನ್ನಡದಲ್ಲೂ ಬರೆಯಬಹುದು. ಹಾಗಾಗಿ ಸಣ್ಣ ಪದಗಳೇ ಇಲ್ಲಿ ದೊಡ್ಡವು. "ನಂತರ" ಎಂದರೆ ಮುಂದೆ ಯಾವತ್ತಾದರೂ. "ತಕ್ಷಣ ನಂತರ", "ಮರುದಿನವೇ" ಎಂದರೆ ಅಂಟಿಕೊಂಡೇ. "ನಡುವೆ ಎರಡು ದಿನ" ಎಂದರೂ "ಮೂರು ದಿನದ ನಂತರ" ಎಂದರೂ ಒಂದೇ. ಇದನ್ನು ಬೆರಳಲ್ಲಿ ಒಮ್ಮೆ ಎಣಿಸಿ ನೋಡಿಕೊಳ್ಳಿ, ಬಾಯಿಪಾಠ ಬೇಡ. ಉರ್ದು ಮಾತಾಡುವ ನಮ್ಮಂಥವರು ಮನಸ್ಸಿನಲ್ಲೇ ಉರ್ದುವಿಗೆ ತಿರುಗಿಸಿಕೊಂಡು ಓದುವುದುಂಟು. ಅಲ್ಲಿ "ಕಲ್" ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. "ಪರಸೋಂ" ಎಂದರೆ ಮೊನ್ನೆ, ನಾಡಿದ್ದು ಎರಡೂ. ಮಾತಿನಲ್ಲಿ ಕ್ರಿಯಾಪದ ನೋಡಿ ತಿಳಿದುಬಿಡುತ್ತದೆ. "ನಾಡಿದ್ದು ಶುಕ್ರವಾರವಾದರೆ ಮೊನ್ನೆ ಯಾವ ವಾರ?" ಎಂಬ ಪ್ರಶ್ನೆಯಲ್ಲಿ ಆ ಸಹಾಯ ಸಿಗುವುದಿಲ್ಲ. ಕನ್ನಡದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಪದಗಳಿವೆ, ಇಂಥ ಕಡೆ ಕನ್ನಡದಲ್ಲೇ ಯೋಚಿಸುವುದು ವಾಸಿ. (ಉತ್ತರ ಸೋಮವಾರ.)

ಜೋಡಣೆ ಮುಗಿದ ಮೇಲೆ ಐದು ಸುಳಿವುಗಳನ್ನೂ ಮತ್ತೊಮ್ಮೆ ಓದಿ ತಾಳೆ ನೋಡಲು ಹತ್ತು ಹದಿನೈದು ಸೆಕೆಂಡು ಸಾಕು. ಲೆಕ್ಕಶಾಸ್ತ್ರದಲ್ಲಿ ತಾಳೆಪಟ್ಟಿ ಹಾಕುವುದಕ್ಕಿಂತ ಇದು ಸುಲಭ. ಎರಡು ಬದಿ ಹೊಂದಿದರೂ ಒಳಗೆ ತಪ್ಪು ಉಳಿಯುವ ಭಯ ಇಲ್ಲಿಲ್ಲ, ಐದೂ ಹೊಂದಿದರೆ ಜೋಡಣೆ ಸರಿ.

ಅಭ್ಯಾಸಕ್ಕೆ ಐದನೇ ಸುಳಿವನ್ನು ತಿರುಗಿಸಿ: ಗೋವಿನಜೋಳಕ್ಕೆ ಕಡಲೆಗಿಂತ ಮೊದಲು ನೀರು. ಉಳಿದ ನಾಲ್ಕೂ ಹಾಗೇ ಇರಲಿ. ಈ ಸಲ ಐದು ಜೋಡಣೆಗಳು ಸಿಗುತ್ತವೆ: ತುಂಡು ಮಂಗಳವಾರ ಶುರುವಾದರೆ ಎರಡು, ಬುಧವಾರ ಶುರುವಾದರೆ ಮೂರು. ಐದರಲ್ಲೂ ದಿನ ಬದಲಾಗದೆ ನಿಲ್ಲುವುದು ಸೂರ್ಯಕಾಂತಿ ಒಂದೇ. ಬೇರೆ ಯಾವ ಬೆಳೆಯ ದಿನ ಕೇಳಿದರೂ "ಮಾಹಿತಿ ಸಾಲದು" ಎಂಬ ಆಯ್ಕೆಯೇ ಸರಿಯುತ್ತರ.