ಹವ್ಯಾಸಿ ಬಾನುಲಿ ರಿಪೀಟರ್‌ಗಳ ಪಟ್ಟಿ: ಲಿಖಿತ ದಾಖಲೆ ಮತ್ತು ಮೌಖಿಕ ತಿಳಿವಳಿಕೆ

ಜನಪದವೆಂದರೆ ಹಳ್ಳಿಗಾಡಿನ ಅನಕ್ಷರಸ್ಥ ಸಮುದಾಯಗಳ ಬದುಕು ಮಾತ್ರವೆಂಬ ಗ್ರಹಿಕೆ ಇಂದು ಉಳಿದಿಲ್ಲ. ಯಾವುದಾದರೊಂದು ಸಮಾನ ಅಂಶದಿಂದ ಒಂದುಗೂಡಿದ ಯಾವ ಸಮೂಹವೂ ‘ಜನಪದ’ವಾಗಬಲ್ಲದೆಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಪ್ರತಿಪಾದಿಸಿದರು. ‘ಹ್ಯಾಮ್’ಗಳೆಂದು ಕರೆಯಲಾಗುವ ಹವ್ಯಾಸಿ ಬಾನುಲಿಗರು ಅಂಥದೊಂದು ಸಮೂಹ. ಅಮೆರಿಕದ ಹ್ಯಾಮ್‌ಗಳಲ್ಲಿ ಸ್ಥಳೀಯ ರಿಪೀಟರ್‌ಗಳ ಪಟ್ಟಿ ರೂಪುಗೊಳ್ಳುವ ಬಗೆ, ಅದು ಹಳತಾಗುವ ಕಾರಣ ಮತ್ತು ಅದನ್ನು ಪರಿಶೀಲಿಸುವ ಕ್ರಮ ಇಲ್ಲಿಯ ವಿವೇಚನೆಯ ವಿಷಯ.

ರಿಪೀಟರ್ ಎಂಬುದು ಬೆಟ್ಟದ ನೆತ್ತಿಯಲ್ಲೋ ಎತ್ತರದ ಕಟ್ಟಡದ ಮೇಲೋ ಸ್ಥಾಪಿತವಾದ ಯಂತ್ರ. ಕೈಸೆಟ್ಟಿನ ಕ್ಷೀಣ ಸಂಕೇತವನ್ನು ಅದು ಒಂದು ಕಂಪನಾಂಕದಲ್ಲಿ ಗ್ರಹಿಸಿ, ಅದೇ ಕ್ಷಣದಲ್ಲಿ ಮತ್ತೊಂದರಲ್ಲಿ ಮರುಪ್ರಸಾರ ಮಾಡುತ್ತದೆ. ಎರಡು ಮೀಟರ್ ಬ್ಯಾಂಡಿನಲ್ಲಿ ಇವುಗಳ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. 146.94 ಮೆಗಾಹರ್ಟ್ಸ್‌ನಲ್ಲಿ ನುಡಿಯುವ ರಿಪೀಟರ್ 146.34ರಲ್ಲಿ ಆಲಿಸುತ್ತದೆ. ಜೊತೆಗೆ, ಅನೇಕ ರಿಪೀಟರ್‌ಗಳು 100 ಹರ್ಟ್ಸ್‌ನಂತಹ ನಿಗದಿತ ಮಂದ್ರಸ್ವರವೊಂದು ಮಾತಿನೊಡನೆ ಬೆರೆತು ಬಂದಾಗ ಮಾತ್ರ ಬಾಗಿಲು ತೆರೆಯುತ್ತವೆ. ಆದ್ದರಿಂದ ಕಂಪನಾಂಕ ಸರಿಯಿದ್ದು ಸ್ವರ ತಪ್ಪಾಗಿದ್ದರೂ ಆ ನಮೂದು ನಿರುಪಯುಕ್ತವೇ.

ಕಂಪನಾಂಕಗಳು ಪರಸ್ಪರ ಡಿಕ್ಕಿಯಾಗದಂತೆ ಹಂಚುವ ಕೆಲಸವನ್ನು ಪ್ರಾದೇಶಿಕ ಸಮನ್ವಯಕಾರರು ಸ್ವಯಂಸೇವೆಯಾಗಿ ನಿರ್ವಹಿಸುತ್ತಾರೆ. 1914ರಲ್ಲಿ ಸ್ಥಾಪನೆಯಾದ ಅಮೆರಿಕನ್ ರೇಡಿಯೋ ರಿಲೇ ಲೀಗ್ ಇವರ ದಾಖಲೆಗಳ ನೆರವಿನಿಂದ ದಶಕಗಳ ಕಾಲ ರಿಪೀಟರ್ ಕೈಪಿಡಿಯನ್ನು ಮುದ್ರಿಸಿತು. 2017ರ ಆವೃತ್ತಿಯಿಂದ ಬಳಕೆದಾರರೇ ತಿದ್ದಿ ಬೆಳೆಸುವ ‘ಆರ್‌ಫೈಂಡರ್’ ಸಂಗ್ರಹವನ್ನು ಅದು ಆಧರಿಸಿತು. ಸಮನ್ವಯಕಾರರ ದಾಖಲೆ ಹೇಳುವುದು ಹಂಚಿಕೆಯನ್ನು, ಯಂತ್ರದ ಇರವನ್ನಲ್ಲ ಎಂಬುದು ಗಮನಾರ್ಹ. ಪಟ್ಟಿಯಲ್ಲಿದ್ದು ಗಾಳಿಯಲ್ಲಿ ಇಲ್ಲದವನ್ನು ಹ್ಯಾಮ್‌ಗಳು ‘ಕಾಗದದ ರಿಪೀಟರ್’ ಎಂದು ಕರೆಯುತ್ತಾರೆ. ಅಂಥವು ಹೊಸ ಯಂತ್ರಕ್ಕೆ ಸಿಗಬೇಕಾದ ಜಾಗವನ್ನೂ ಹಿಡಿದಿಟ್ಟಿರುತ್ತವೆ.

ಪಟ್ಟಿಗಳ ಪ್ರಸರಣವನ್ನು ಓಲೆಗರಿಗಳ ಪ್ರತಿಲೇಖನಕ್ಕೆ ಹೋಲಿಸಬಹುದು. ಒಬ್ಬ ಲಿಪಿಕಾರನ ಸ್ಖಾಲಿತ್ಯ ಮುಂದಿನ ಪ್ರತಿಗಳಿಗೆಲ್ಲ ಇಳಿಯುವಂತೆ, ಒಂದು ಪಟ್ಟಿಯ ತಪ್ಪು ಸ್ವರ ಇತರ ಪಟ್ಟಿಗಳಿಗೂ ರೇಡಿಯೋಗಳ ಸ್ಮೃತಿಕೋಶಗಳಿಗೂ ಹರಿಯುತ್ತದೆ. ಗ್ರಂಥಸಂಪಾದನೆಯ ಮೂಲತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ: ಒಂದೇ ಮಾತೃಕೆಯಿಂದ ಬಂದ ಹತ್ತು ಪ್ರತಿಗಳ ಸಹಮತ ಹತ್ತು ಸಾಕ್ಷ್ಯಗಳಾಗುವುದಿಲ್ಲ. ನಮೂದನ್ನು ಕೊನೆಯದಾಗಿ ಪರಿಶೀಲಿಸಿದ ದಿನಾಂಕ, ನಮೂದಿನಷ್ಟೇ ಮುಖ್ಯ.

ಆದಕಾರಣ ಕ್ಷೇತ್ರಕಾರ್ಯ ಅನಿವಾರ್ಯ. ಅಮೆರಿಕದ ನಿಯಮದಂತೆ ಸಂವಹನದ ಅವಧಿಯಲ್ಲಿ ಕನಿಷ್ಠ 10 ನಿಮಿಷಕ್ಕೊಮ್ಮೆ ಮತ್ತು ಕೊನೆಯಲ್ಲಿ ಕರೆಸಂಕೇತವನ್ನು ಪ್ರಕಟಿಸಬೇಕು. ತಾಳ್ಮೆಯಿಂದ ಆಲಿಸುವವನಿಗೆ ಯಂತ್ರವೇ ತನ್ನ ಗುರುತು ಹೇಳುತ್ತದೆ. ಹೆಸರು ಹೇಳದೆ ಗುಂಡಿಯೊತ್ತಿ ಯಂತ್ರವನ್ನು ತಡವಿ ನೋಡುವ ಚಾಳಿಗೆ ‘ಕರ್ಚಂಕ್’ ಎಂಬ ಅನುಕರಣವಾಚಿ ಪದವಿದೆ. ಅದು ನಿಯಮಬಾಹಿರ, ಕರೆಸಂಕೇತ ಹೇಳಿ ವಿಚಾರಿಸುವುದೇ ಶಿಷ್ಟಾಚಾರ. ದೂರದವರೆಗೆ ಕೇಳಿಸಿದರೂ ದುರ್ಬಲ ಸಂಕೇತವನ್ನು ಗ್ರಹಿಸಲಾರದ ರಿಪೀಟರ್‌ಗೆ ‘ಮೊಸಳೆ’ ಎಂಬ ಅಡ್ಡಹೆಸರು: ಬಾಯಿ ದೊಡ್ಡದು, ಕಿವಿಯಿಲ್ಲ. ಇಂಥ ಗುಣದೋಷಗಳನ್ನು ಪಟ್ಟಿಯ ಅಂಕಿಗಳು ತಿಳಿಸಲಾರವು. ಸ್ಥಳೀಯ ಕ್ಲಬ್ಬಿನ ಸದಸ್ಯರು ನಿಗದಿತ ವೇಳೆಗೆ ಬಾನುಲಿಯಲ್ಲಿ ಸೇರುವ ‘ನೆಟ್’ ತಿಳಿಸುತ್ತದೆ.

ಪಟ್ಟಿಯ ಸಿಂಧುತ್ವ ಸ್ಥಳಬದ್ಧವೂ ಹೌದು. ಭಾರತದಲ್ಲಿ ಎರಡು ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್‌ಗೆ ಸೀಮಿತ. ಅಮೆರಿಕದಲ್ಲಿ ಅದು 148ರವರೆಗೆ ಚಾಚಿದೆ. ಅಲ್ಲಿಯ 146.94 ಬೆಂಗಳೂರಿನ ಹ್ಯಾಮ್‌ಗೆ ಬ್ಯಾಂಡಿನಾಚೆಯ ಅಂಕಿ.

ಒಟ್ಟಾರೆ ಸಮನ್ವಯಕಾರರ ದಾಖಲೆ, ರಿಪೀಟರ್ ನಡೆಸುವ ಕ್ಲಬ್ಬಿನ ಪ್ರಕಟಣೆ, ಪರಿಶೀಲನೆಯ ದಿನಾಂಕ, ಕೊನೆಗೆ ಕಿವಿಯ ಸಾಕ್ಷ್ಯ ಎಂಬ ಕ್ರಮದಲ್ಲಿ ಮುಂದುವರಿಯುವುದು ಯುಕ್ತ. ತಪ್ಪು ಪಟ್ಟಿ ಹಿಡಿದ ಹೊಸಬ ಮೌನವನ್ನಷ್ಟೇ ಕೇಳಿ, ಊರಿನಲ್ಲಿ ಯಾರೂ ಇಲ್ಲವೆಂದು ಭಾವಿಸಿ ಹವ್ಯಾಸವನ್ನೇ ತೊರೆಯಬಹುದು. ಬಿರುಗಾಳಿಯಲ್ಲಿ ದೂರವಾಣಿ ಸ್ತಬ್ಧವಾದ ರಾತ್ರಿ ಅದೇ ತಪ್ಪಿಗೆ ತೆರಬೇಕಾದ ಬೆಲೆ ಇನ್ನೂ ದೊಡ್ಡದು. ಬಳಸುವವರೇ ತಿದ್ದುತ್ತ ಬಂದಾಗ ಮಾತ್ರ ಪಟ್ಟಿ ಜೀವಂತವಾಗಿರುತ್ತದೆ.