ಹಾದಿಗೆ ತಕ್ಕ ಗಾಲಿ

ಬೆಟ್ಟದ ಹಾದಿಯನ್ನು ಅಂಗವಿಕಲರಿಗೂ ಎಟುಕುವಂತೆ ಮಾಡುವ ಬಗೆಗಳು ಎರಡು: ಹಾದಿಯನ್ನು ಗಾಲಿಕುರ್ಚಿಗೆ ಒಗ್ಗುವಂತೆ ತಿದ್ದುವುದು ಒಂದು, ಕುರ್ಚಿಯನ್ನೇ ಹಾದಿಗೆ ಒಗ್ಗಿಸುವುದು ಇನ್ನೊಂದು. ಮೊದಲನೆಯದು ಉದ್ಯಾನಗಳಲ್ಲಿ, ಕೆರೆಯ ಏರಿಗಳ ಮೇಲೆ, ಕಾಡಂಚಿನ ಸಮತಟ್ಟಾದ ಕಾಲುದಾರಿಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆಯಾದರೂ ನೆಲ ಏರತೊಡಗಿದೊಡನೆ ಅದರ ಲೆಕ್ಕ ತಪ್ಪುತ್ತದೆ. ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ 1980ರ ದಶಕದ ಕೊನೆಯಿಂದ ಬೆಳೆದುಬಂದ, ಮಾರ್ಗದರ್ಶಿಯ ಜೊತೆಗೂಡಿ ನಡೆಯುವ ಚಾರಣ ಪದ್ಧತಿಯು ಎರಡನೆಯ ಬಗೆಯನ್ನು ಆರಿಸಿಕೊಂಡಿತು.

ತಪ್ಪುವ ಲೆಕ್ಕವನ್ನು ಬಿಡಿಸಿ ನೋಡುವುದು ಕಷ್ಟವಲ್ಲ. ಕಟ್ಟಡಗಳ ಮುಂದೆ ಮೆಟ್ಟಿಲಿನ ಪಕ್ಕದಲ್ಲಿ ಕಟ್ಟುವ ಇಳಿಜಾರು, ಅಂದರೆ ರಾಂಪ್, ಸಾಮಾನ್ಯವಾಗಿ 1:12ರ ಪ್ರಮಾಣವನ್ನು ಮೀರಬಾರದು. ಒಂದು ಅಡಿ ಮೇಲೇರಲು ಹನ್ನೆರಡು ಅಡಿ ಉದ್ದ ಬೇಕು ಎಂದು ಇದರ ಅರ್ಥ. ಬೆಟ್ಟ ಹತ್ತುವವರು ಗಂಟೆಗೆ ಸುಮಾರು 300 ಮೀಟರ್ ಎತ್ತರ ಏರುತ್ತಾರೆ ಎಂಬುದು ಚಾರಣಿಗರ ರೂಢಿಯ ಅಂದಾಜು. ಆ ಒಂದು ಗಂಟೆಯ ಏರನ್ನು ರಾಂಪಿನ ಪ್ರಮಾಣಕ್ಕೆ ತರಬೇಕಾದರೆ 3.6 ಕಿಲೋಮೀಟರ್ ಉದ್ದದ ಇಳಿಜಾರನ್ನು ಗುಡ್ಡದ ಮೈಯಲ್ಲಿ ಕೊರೆಯಬೇಕಾಗುತ್ತದೆ, ನಡುನಡುವೆ ಸೋತ ತೋಳುಗಳಿಗೆ ವಿಶ್ರಾಂತಿ ಕೊಡಲು ಸಮತಟ್ಟಾದ ಜಾಗಗಳು ಬೇರೆ ಬೇಕಾಗುತ್ತವೆ. ಇಷ್ಟನ್ನೂ ಕಡಿದು ಕಟ್ಟಿದ ಮೇಲೆ ಅದನ್ನು ಹಾದಿ ಎನ್ನುವುದಕ್ಕಿಂತ ರಸ್ತೆ ಎನ್ನುವುದೇ ಸರಿ. 1963ರಲ್ಲಿ ಸ್ಥಾಪನೆಯಾದ ವನ್ವಾಜ್, 1973ರಲ್ಲಿ ಸ್ಥಾಪನೆಯಾದ ಎಕ್ರಾಂ ಮೊದಲಾದ ರಾಷ್ಟ್ರೀಯ ಉದ್ಯಾನಗಳ ತಿರುಳು ಭಾಗದಲ್ಲಿ ಇಂಥ ಕಾಮಗಾರಿಯ ಮಾತೆತ್ತುವಂತೆಯೇ ಇಲ್ಲ, ಏಕೆಂದರೆ ಅಲ್ಲಿನ ನೆಲವನ್ನು ಇದ್ದಂತೆ ಉಳಿಸಿಕೊಳ್ಳುವುದೇ ಆ ಉದ್ಯಾನಗಳ ಉದ್ದೇಶ.

ಹಾಗಾಗಿ ಕುರ್ಚಿ ಬದಲಾಯಿತು. 1987ರಲ್ಲಿ ಜೊಯೆಲ್ ಕ್ಲೊಡೆಲ್ ಎಂಬ ಫ್ರೆಂಚ್ ಚಾರಣ ಮಾರ್ಗದರ್ಶಿ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಬಲ ಕಳೆದುಕೊಳ್ಳುವ ಕಾಯಿಲೆಯಿದ್ದ ತನ್ನ ಸೋದರ ಸಂಬಂಧದ ಹುಡುಗನನ್ನು ಬೆಟ್ಟಕ್ಕೆ ಕರೆದೊಯ್ಯುವುದಕ್ಕಾಗಿ ಒಂದೇ ಗಾಲಿಯ ಕುರ್ಚಿಯೊಂದನ್ನು ರೂಪಿಸಿದನು. ಅವನ ಹೆಸರಿನಿಂದಲೇ ಅದಕ್ಕೆ ಜೊಯೆಲೆಟ್ ಎಂಬ ಹೆಸರು ಬಂದಿತು. ಮರುವರ್ಷ, 1988ರಲ್ಲಿ, ಈ ಕುರ್ಚಿಯ ಸುತ್ತ ‘ಆಂಡಿ ಕಾಪ್ ಎವಾಜಿಯೊ’ ಎಂಬ ಸಂಘವು ಹುಟ್ಟಿ, ನಡೆಯಲಾಗದವರೂ ನಡೆಯಬಲ್ಲವರೂ ಒಟ್ಟಾಗಿ ಹೋಗುವ ಚಾರಣಗಳನ್ನು ನಡೆಸತೊಡಗಿತು. ಮುಂದೆ ಸೇಂಟ್ ಎಟಿಯೆನ್ ನಗರದ ಕಾರ್ಖಾನೆಯೊಂದು ಜೊಯೆಲೆಟ್ಟನ್ನು ತಯಾರಿಸಿ ಮಾರಲಾರಂಭಿಸಿದ ಮೇಲೆ ಅದು ಆಲ್ಪ್ಸ್ ದಾಟಿ ಬೇರೆ ದೇಶಗಳ ಬೆಟ್ಟಗಳಿಗೂ ಹೋಯಿತು.

ಮನೆ ಕಟ್ಟುವಲ್ಲಿ ಗಾರೆ ಸಾಗಿಸುವ ಒಂಟಿ ಗಾಲಿಯ ತಳ್ಳುಗಾಡಿಯನ್ನು ಕಂಡವರಿಗೆ ಇದರ ಮೂಲತತ್ತ್ವ ಹೊಸದೇನಲ್ಲ. ಕುಳಿತವರ ಸೊಂಟದ ನೇರ ಕೆಳಗೆ, ಸ್ಪ್ರಿಂಗಿನ ಆಸರೆಯ ಮೇಲೆ, ದಪ್ಪ ಟೈರಿನ ಒಂದೇ ಗಾಲಿಯಿದ್ದು, ಎತ್ತಿನ ಗಾಡಿಯ ಮೂಕಿಯಂತೆ ಮುಂದಕ್ಕೆ ಚಾಚಿದ ಎರಡು ತೋಳುಗಳ ನಡುವೆ ಒಬ್ಬ ಸಹಾಯಕನು ನಿಲ್ಲುತ್ತಾನೆ, ಹಿಂದಿನ ಹಿಡಿಕೆಗಳನ್ನು ಇನ್ನೊಬ್ಬನು ಹಿಡಿಯುತ್ತಾನೆ. ಮುಂದಿನವನದು ಎಳೆತ ಮತ್ತು ದಿಕ್ಕು, ಹಿಂದಿನವನದು ಸಮತೋಲ ಮತ್ತು ಬ್ರೇಕು. ಇಡೀ ಭಾರ ಗಾಲಿಯ ಮೇಲೆಯೇ ಕೂರುವುದರಿಂದ ಇಬ್ಬರೂ ಹೊರುವುದು ಅತ್ಯಲ್ಪ, ಆದರೆ ಅವರು ಹಿಡಿತ ಸಡಿಲಿಸುವಂತಿಲ್ಲ. ಗಾಲಿ ಒಂದೇ ಆದದ್ದರಿಂದ ನಿಂತಲ್ಲಿ ಊರುಗೋಲಿನಂಥ ಕಾಲುಗಳನ್ನು ಇಳಿಸಿದ ಹೊರತು ಕುರ್ಚಿ ತಾನಾಗಿ ನಿಲ್ಲುವುದಿಲ್ಲ. ಸಾಮಾನ್ಯ ಗಾಲಿಕುರ್ಚಿಯ ಎರಡು ಗಾಲಿಗಳಿಗೆ ಎರಡು ಸಾಲು ನೆಲ ಬೇಕು, ಇದಕ್ಕೆ ಒಂದು ಸಾಲು ಸಾಕು. ಮನುಷ್ಯನ ಪಾದಗಳು ಒಂದರ ಹಿಂದೊಂದು ಬಿದ್ದು ಮೂಡಿದ ಹಾದಿಯಲ್ಲಿ ಸಿಗುವುದೂ ಅಷ್ಟೇ ನೆಲ.

ಹಾದಿಗೆ ಅಡ್ಡಲಾಗಿ ಹೂತಿಟ್ಟ ಮರದ ದಿಮ್ಮಿಯೊಂದನ್ನು ದಾಟುವ ಕ್ಷಣದಲ್ಲಿ ಈ ವ್ಯವಸ್ಥೆಯ ಮರ್ಮವೆಲ್ಲ ಕಾಣುತ್ತದೆ. ಮಳೆನೀರು ಹಾದಿಗುಂಟ ಹರಿದು ಕೊರಕಲು ಮಾಡದಂತೆ ಅದನ್ನು ಪಕ್ಕಕ್ಕೆ ತಿರುಗಿಸಲು ಇಂಥ ದಿಮ್ಮಿಗಳನ್ನು ಇಡುತ್ತಾರೆ. ಮುಂದಿನವನು ದಿಮ್ಮಿಯನ್ನು ದಾಟಿ ಗಟ್ಟಿಯಾಗಿ ಕಾಲೂರಿ ಕೂಗಿ ತಿಳಿಸುತ್ತಾನೆ, ಕುಳಿತವರು ಆಸನದ ಅಂಚು ಹಿಡಿದು ತುಸು ಮುಂದೆ ಬಾಗುತ್ತಾರೆ, ಹಿಂದಿನವನು ಕೈಗಳನ್ನು ಮೇಲೆತ್ತುತ್ತಲೇ ತಳ್ಳುತ್ತಾನೆ, ಗಾಲಿ ದಿಮ್ಮಿಯ ಮೇಲೇರಿ ಒಮ್ಮೆ ತೊನೆದು ಆಚೆ ಇಳಿಯುತ್ತದೆ. ಮೂವರಲ್ಲಿ ಒಬ್ಬರು ಅರೆಕ್ಷಣ ತಡಮಾಡಿದರೂ ಕುರ್ಚಿ ಓರೆಯಾಗುತ್ತದೆ. ಕಡಿದಾದ ಏರಿನಲ್ಲಿ ಮೂರನೆಯ ಸಹಾಯಕರು ಮುಂದಿನಿಂದ ಹಗ್ಗ ಹಿಡಿದು ಎಳೆಯುತ್ತಾರೆ, ಸಡಿಲ ಕಲ್ಲುಗಳ ಮೇಲೆ ನಾಲ್ಕನೆಯವರು ಪಕ್ಕಕ್ಕೆ ಬರುತ್ತಾರೆ. ಕುಳಿತವರನ್ನು ಪ್ರಯಾಣಿಕರೆಂದು ಕರೆಯುವುದು ವಾಡಿಕೆಯಾದರೂ ಆ ಮಾತು ಅಷ್ಟು ಸರಿಹೊಂದುವುದಿಲ್ಲ, ಏಕೆಂದರೆ ತೂಕವನ್ನು ಎತ್ತ ವಾಲಿಸಬೇಕೆಂಬುದನ್ನು ಅರಿತು ಹಾಗೆ ಮಾಡುವುದು, ದೇಹದ ಮಿತಿಯೊಳಗೆ, ಅವರ ಕೆಲಸವೇ ಆಗಿರುತ್ತದೆ.

ಮಾರ್ಗದರ್ಶಿಗೆ ಯಂತ್ರಕ್ಕಿಂತ ಹೆಚ್ಚಾಗಿ ತಿಳಿದಿರಬೇಕಾದದ್ದು ದೇಹದ ವಿಷಯ. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಎಳೆಯುವವರು ಬೆವರಿ ಅಂಗಿ ಬಿಚ್ಚುವ ಹೊತ್ತಿನಲ್ಲಿ, ಸ್ನಾಯುಗಳ ದುಡಿಮೆಯಿಂದ ಹುಟ್ಟುವ ಶಾಖವಿಲ್ಲದೆ ಕುಳಿತವರು ಚಳಿಯಿಂದ ನಡುಗುತ್ತಿರಬಹುದು. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟು ಬಿದ್ದವರಲ್ಲಿ ಬೆವರುವ ಮತ್ತು ನಡುಗುವ ಶಕ್ತಿಯೇ ಕುಂದಿರುವುದರಿಂದ ಅವರಿಗೆ ಚಳಿಯಂತೆಯೇ ಮಧ್ಯಾಹ್ನದ ಬಿಸಿಲೂ ಅಪಾಯಕಾರಿ. ಸ್ಪರ್ಶಜ್ಞಾನವಿಲ್ಲದ ಪಾದ ಬಂಡೆಗೆ ತಗುಲಿ ಗಾಯವಾದರೆ ಅದು ಸಂಜೆ ಕಾಲುಚೀಲ ತೆಗೆದಾಗಲೇ ಗೊತ್ತಾಗುತ್ತದೆ. ಒಂದೇ ಭಂಗಿಯಲ್ಲಿ ಕುಳಿತಲ್ಲಿ ಚರ್ಮಕ್ಕೆ ರಕ್ತ ಹರಿಯದೆ ಮೂಡುವ ಒತ್ತಡದ ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಬಹುದಾದ್ದರಿಂದ, ಹಾದಿ ಎಷ್ಟೇ ಸುಗಮವಾಗಿದ್ದರೂ ಆಗಾಗ ನಿಲ್ಲಿಸಿ ಅವರನ್ನು ಆಸನದಿಂದ ತುಸು ಎತ್ತಬೇಕಾಗುತ್ತದೆ.

ದೃಷ್ಟಿಯಿಲ್ಲದವರ ಚಾರಣದ ರೀತಿ ಬೇರೆ. ಫ್ರಾನ್ಸ್ ಮತ್ತು ಸ್ಪೇನಿನ ಬೆಟ್ಟಗಳಲ್ಲಿ ಬಳಕೆಯಲ್ಲಿರುವ ಮಾರ್ಗದರ್ಶಕ ಕೋಲು ಉದ್ದನೆಯ, ಹಗುರವಾದ, ಬಾಗದ ಒಂದು ಕಂಬಿ. ಅದರ ಮುಂತುದಿಯನ್ನು ಕಣ್ಣುಳ್ಳವರು, ಹಿಂದುಗಡೆಯನ್ನು ದೃಷ್ಟಿಯಿಲ್ಲದವರು ಹಿಡಿದು ಒಂದೇ ಸಾಲಿನಲ್ಲಿ ನಡೆಯುತ್ತಾರೆ. ಮುಂದಿನವರು ಮೆಟ್ಟಿಲೊಂದನ್ನು ಇಳಿದರೆ ಆ ಇಳಿತ ಕೋಲಿನ ಮೂಲಕ ಹಿಂದಿನ ಅಂಗೈಗೆ ಮುಟ್ಟುತ್ತದೆ, ಎಡಕ್ಕೆ ತಿರುಗಿದರೆ ತಿರುವೂ ಮುಟ್ಟುತ್ತದೆ. ಹೆಜ್ಜೆಹೆಜ್ಜೆಗೂ ಎಚ್ಚರಿಕೆ ಹೇಳುವ ಕೆಲಸವನ್ನು ಕೋಲೇ ವಹಿಸಿಕೊಳ್ಳುವುದರಿಂದ ಬಾಯಿ ಸುತ್ತಲಿನ ಕಣಿವೆಯನ್ನು ಬಣ್ಣಿಸಲು ಬಿಡುವಾಗುತ್ತದೆ. 2001ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದ ಮೊದಲ ಅಂಧ ವ್ಯಕ್ತಿ, ಅಮೆರಿಕದ ಎರಿಕ್ ವೈಹೆನ್‌ಮೇಯರ್, ಮುಂದೆ ನಡೆಯುವವರು ಕಟ್ಟಿಕೊಂಡ ಗಂಟೆಯ ಸದ್ದನ್ನು ಹಿಂಬಾಲಿಸುತ್ತಿದ್ದರು. ಅಂಥ ಸಾಹಸಗಳು ಪತ್ರಿಕೆಗಳ ಮುಖಪುಟಕ್ಕೆ ಬರುವುದು ಸಹಜವೇ. ಆದರೆ ಭಾನುವಾರದಂದು ಗೆಳೆಯರೊಡನೆ ಒಂದು ಸರೋವರದವರೆಗೆ ಹೋಗಿ ಬುತ್ತಿ ಬಿಚ್ಚಿ ಉಂಡು ಬರಬೇಕೆಂಬ ಸಾಧಾರಣ ಆಸೆ ಆ ಸಾಹಸಗಳ ನೆರಳಿನಲ್ಲಿ ಮಂಕಾಗಿಬಿಡುತ್ತದೆ. ಕಿವಿ ಕೇಳದವರಿಗೆ ಬೇಕಾದ ಏರ್ಪಾಡು ಇನ್ನೂ ಸರಳ: ಸಾಲಾಗಿ ನಡೆಯುವಾಗ ಹಿಂದಿನಿಂದ ಕೂಗಿ ಹೇಳಿದ್ದು ಅವರಿಗೆ ಮುಟ್ಟದು ಎಂಬುದನ್ನು ನೆನಪಿಟ್ಟು, ಹೊರಡುವ ಮುನ್ನವೇ ಕೈಸನ್ನೆಗಳನ್ನು ಗೊತ್ತುಮಾಡಿಕೊಂಡು, ಮಾತನಾಡುವಾಗ ಅವರತ್ತ ಮುಖ ಮಾಡಿ ನಿಲ್ಲುವುದು.

ಹಾದಿಗಿಂತ ಹೆಚ್ಚಾಗಿ ತೊಡಕಾಗುವುದು ಹಾದಿಯ ಕೊನೆಯ ತಂಗುದಾಣ. ಆಲ್ಪ್ಸ್‌ನ ಎತ್ತರದ ತಂಗುದಾಣಗಳಲ್ಲಿ ಬಹಳಷ್ಟು ಕಾಲ್ನಡಿಗೆಯಿಂದಷ್ಟೇ ತಲುಪಬಹುದಾದ ಹಳೆಯ ಕಟ್ಟಡಗಳು. ಒಂದರ ಮೇಲೊಂದು ಹಲಗೆ ಮಂಚಗಳು, ಕಿರಿದಾದ ಬಾಗಿಲು, ಕೆಲವೆಡೆ ಅಂಗಳದಾಚೆಗಿನ ಶೌಚಾಲಯ. ಸಾವಿರ ಮೀಟರ್ ಏರಿ ಬಂದ ಜೊಯೆಲೆಟ್ ಶೌಚಾಲಯದ ಹೊಸ್ತಿಲಲ್ಲಿ ಸೋಲುವುದುಂಟು. ಚಲನೆ, ದೃಷ್ಟಿ, ಶ್ರವಣ, ಬುದ್ಧಿ ಈ ನಾಲ್ಕು ಬಗೆಯ ವೈಕಲ್ಯಗಳಲ್ಲಿ ಯಾವುದಕ್ಕೆ ಅನುಕೂಲವಿದೆ ಎಂಬುದನ್ನು ಬೇರೆಬೇರೆಯಾಗಿ ಸೂಚಿಸುವ, ‘ಪ್ರವಾಸ ಮತ್ತು ವೈಕಲ್ಯ’ ಎಂಬರ್ಥದ ಹೆಸರಿನ ಅಧಿಕೃತ ಮುದ್ರೆಯೊಂದು ಫ್ರಾನ್ಸಿನಲ್ಲಿ 2001ರಿಂದ ಚಾಲ್ತಿಯಲ್ಲಿರುವುದರಿಂದ, ಹೊರಡುವವರು ಕಣಿವೆಯ ಯಾವ ವಸತಿಯಲ್ಲಿ ರಾತ್ರಿ ಕಳೆಯಬಹುದೆಂಬುದನ್ನು ಮೊದಲೇ ಅರಿಯಬಹುದು. ಅನೇಕ ತಂಡಗಳು ಹಗಲು ಏರಿ ಸಂಜೆ ಅಲ್ಲಿಗೇ ಇಳಿದುಬರುವ ಕ್ರಮವನ್ನು ಇಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ನಡೆಯಲಾಗದವರನ್ನು ಎತ್ತರಕ್ಕೆ ಒಯ್ಯುವುದು ಕನ್ನಡ ನಾಡಿಗೆ ಹೊಸದಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಹತ್ತಲಾರದ ವೃದ್ಧರು ಡೋಲಿಯಲ್ಲಿ ಕುಳಿತು ಗೊಮ್ಮಟನ ಪಾದದವರೆಗೆ ಹೋಗುತ್ತಾರೆ, ಕೇದಾರಕ್ಕೆ ಹೋಗುವ ಕನ್ನಡಿಗ ಯಾತ್ರಿಕರೂ ಅಂಥದೇ ಹೊರೆಯಾಳುಗಳ ಹೆಗಲನ್ನು ನಂಬುತ್ತಾರೆ. ಡೋಲಿಯ ಇಡೀ ಭಾರ ಹೊರುವವರ ಹೆಗಲ ಮೇಲಿರುತ್ತದೆ, ದರ ಕೆಳಗೇ ಇತ್ಯರ್ಥವಾಗಿರುತ್ತದೆ, ಗುರಿ ಒಂದೇ ಆಗಿರುವುದರಿಂದ ಎಲ್ಲಿ ನಿಲ್ಲಬೇಕು, ಎಲ್ಲಿಂದ ಹಿಂತಿರುಗಬೇಕು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಜೊಯೆಲೆಟ್ಟಿನ ಚಾರಣದಲ್ಲಿ ಆ ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ, ಅದಕ್ಕೆ ಉತ್ತರಿಸುವವರಲ್ಲಿ ಕುಳಿತವರೂ ಒಬ್ಬರಾಗಿರುತ್ತಾರೆ. ಎಳೆಯುವವರಲ್ಲಿ ಹೆಚ್ಚಿನವರು ಕೂಲಿಗಾಗಿ ಬಂದವರಲ್ಲ, ತಮ್ಮ ರಜೆಯ ದಿನಗಳನ್ನು ಕೊಟ್ಟು ಬಂದ ಸಹಚಾರಣಿಗರು. ಈ ಪದ್ಧತಿಯ ಇಕ್ಕಟ್ಟು ಇರುವುದೂ ಅಲ್ಲಿಯೇ: ಒಬ್ಬರು ಬೆಟ್ಟ ಏರಬೇಕಾದರೆ ಜೊತೆಗೆ ಗಟ್ಟಿಮುಟ್ಟಾದ ಮೂರು ನಾಲ್ಕು ಮಂದಿ ಬೇಕು, ವಾರದ ಚಾರಣವಾದರೆ ಸರದಿ ಬದಲಿಸಲು ಇನ್ನಷ್ಟು ಮಂದಿ ಬೇಕು, ಮತ್ತು ಹಿಮ ಕರಗಿ ಹಾದಿಗಳು ತೆರೆದಿರುವ ಬೇಸಿಗೆಯ ಕೆಲವೇ ವಾರಗಳಲ್ಲಿ ಅವರೆಲ್ಲರ ರಜೆಗಳೂ ಒಟ್ಟಿಗೆ ಕೂಡಿಬರಬೇಕು.