ಲೆಕ್ಕದೊಳಗಿಲ್ಲದ ಹುಳು

ಜೂನ್ ತಿಂಗಳ ಮಧ್ಯಾಹ್ನ ಹನ್ನೆರಡೂವರೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದಲ್ಲಿ ಊಟಕ್ಕೆ ಹೊರಟವರು ಕುರ್ಚಿ ಸರಿಸುವ ಹೊತ್ತಿಗೆ ಲಂಡನ್ನಿನ ಷೇರುಪೇಟೆ ಬಾಗಿಲು ತೆರೆಯುತ್ತದೆ. ಎರಡು ಪರದೆಗಳ ಮುಂದೆ ಕೂತ ಹುಡುಗಿ ಮಾತ್ರ ಏಳುವುದಿಲ್ಲ. ಎಡಗಡೆ ನಿನ್ನೆಯ ಲಾಭ ನಷ್ಟ, ಬಲಗಡೆ ಇವತ್ತಿನ ಮಿತಿಗಳು. ಹಸಿರು ಸಾಲುಗಳ ನಡುವೆ ಒಂದು ಸಾಲು ಹಳದಿಗೆ ತಿರುಗಿದೆ. ವಿದೇಶಿ ಕರೆನ್ಸಿ ಕೊಂಡು ಮಾರುವ ಒಂದು ಡೆಸ್ಕು ತನಗೆ ಹಾಕಿಕೊಟ್ಟ ಗೆರೆಯ ಹತ್ತಿರ ಬಂದು ನಿಂತಿದೆ. ಹುಡುಗಿ ಫೋನ್ ಎತ್ತಿಕೊಳ್ಳುತ್ತಾಳೆ. ಆ ಕಡೆಯ ದನಿ ಬಿರುಸಾಗಿ ಮಾತಾಡುತ್ತದೆ: ನಿನ್ನೆ ಸಂಜೆ ದೊಡ್ಡ ಗ್ರಾಹಕನ ವ್ಯವಹಾರ ಬಂತು, ಇವತ್ತು ಸಂಜೆಯೊಳಗೆ ಸರಿದೂಗಿಸುತ್ತೇವೆ, ಚಿಂತೆ ಬೇಡ. ಅವಳು ಎಲ್ಲ ಕೇಳಿಸಿಕೊಂಡು ಮೆಲ್ಲಗೆ, "ಇದನ್ನೇ ಬರೆದು ಕಳಿಸ್ತೀರಾ, ಗಂಟೆ ಸಮೇತ?" ಎನ್ನುತ್ತಾಳೆ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಊರು ಶಿಗ್ಗಾಂವಿ ತಾಲ್ಲೂಕಿನ ದುಂಡಸಿ.

ಅವಳು ಸೇರಿರುವುದು ಹೂಡಿಕೆ ಬ್ಯಾಂಕಿನ ರಿಸ್ಕ್ ವಿಭಾಗಕ್ಕೆ. ನಮ್ಮ ಊರುಗಳಲ್ಲಿ ಬ್ಯಾಂಕೆಂದರೆ ಪಾಸ್‌ಬುಕ್ಕು, ಬೆಳೆಸಾಲ, ಬಂಗಾರದ ಅಡವು. ಇದು ಆ ಜಾತಿಯದಲ್ಲ. ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವುದು, ಬಾಂಡು, ಷೇರು, ಕರೆನ್ಸಿ, ಎಣ್ಣೆಯ ಒಪ್ಪಂದಗಳನ್ನು ಕೊಂಡು ಮಾರುವುದು ಇದರ ಕಸುಬು. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಬೆಂಗಳೂರಿಗೆ ಬಂತು. ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿಯಂಥವರ ಕಚೇರಿಗಳೂ ಇಲ್ಲಿವೆ. ನ್ಯೂಯಾರ್ಕಿನ ಒಂದು ವಹಿವಾಟು ಎಷ್ಟು ಅಪಾಯ ಹೊತ್ತಿದೆ ಎಂಬ ಲೆಕ್ಕ ಬೆಳ್ಳಂದೂರಿನ ಆಸುಪಾಸಿನಲ್ಲಿ ಕೂತವರ ಕೈಯಲ್ಲಿ ತಯಾರಾಗುವುದು ಈಗ ದಿನನಿತ್ಯದ ಸಂಗತಿ.

ಮಗಳು ಏನು ಮಾಡುತ್ತಾಳೆಂದು ತಿಳಿದುಕೊಳ್ಳಲು ಅಪ್ಪ ಫೋನಿನಲ್ಲಿ ಕೇಳಿದ್ದರಂತೆ:

"ಅಂದ್ರ ನೀ ಬ್ಯಾಂಕಿನ್ಯಾಗ ರೊಕ್ಕಾ ಎಣಸ್ತಿ ಏನವಾ?"

"ಇಲ್ಲಪ್ಪಾ. ಎಷ್ಟು ರೊಕ್ಕಾ ಹೋಗಬಹುದು ಅಂತ ಲೆಕ್ಕಾ ಹಾಕ್ತೀನಿ."

"ಲುಕ್ಸಾನ್ ಆಗೂಕಿಂತ ಮೊದಲ?"

"ಹೂಂ, ಮೊದಲ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಲೋ ಕೆಲಸ ಬಿಡು. ನಮಗೂ ಹಂಗ ಯಾರರ ಹೇಳಿದ್ರ..." ಎಂದು ಮಾತು ಅಲ್ಲಿಗೇ ಬಿಟ್ಟರಂತೆ.

ಆ ಅರ್ಧ ಮಾತಿನ ಹಿಂದೆ ದುಂಡಸಿಯ ನೆಲವೇ ಇದೆ. ಹೋಬಳಿಯ ಊರು, ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗ. ಮೂಡಣಕ್ಕೆ ನಿಂತರೆ ಶಿಗ್ಗಾಂವಿ, ಬಂಕಾಪುರದ ಕಡೆ ಹರಡಿದ ಹೊಲಗಳು. ಪಡುವಣಕ್ಕೆ ತಿರುಗಿದರೆ ಮುಂಡಗೋಡದ ದಿಕ್ಕಿನ ಕಾಡು. ಅರಣ್ಯ ಇಲಾಖೆಯ ವಲಯಕ್ಕೂ ಊರಿನದೇ ಹೆಸರು. ಮುಂಗಾರಿನ ಮೊದಲ ಹದ ಬಿದ್ದಾಗ ಎರೆ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಮಣ್ಣಿನಲ್ಲೇ ಉಳಿಯುತ್ತದೆ. ಮಸಾರಿಯಲ್ಲಿ ಮಾತ್ರ ಎರಡೇ ದಿನಕ್ಕೆ ಕೂರಿಗೆ ಓಡುತ್ತದೆ. ಗೋವಿನಜೋಳ, ಹತ್ತಿ, ಶೇಂಗಾ, ಸೋಯಾ, ಮಳೆಯ ನೀರನ್ನೇ ನಂಬಿದ ಭತ್ತ. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಜೂನ್ ತಿಂಗಳಿಡೀ ಮಾತೆಂದರೆ ಎರಡೇ: ಯಾರ ಹೊಲಕ್ಕೆ ಮಳೆ ಆಯಿತು, ಯೂರಿಯಾ ಎಲ್ಲಿ ಸಿಗುತ್ತದೆ. ಬಿತ್ತುವವನು ಬೀಜ, ಗೊಬ್ಬರ, ಕೂಲಿ ಎಲ್ಲವನ್ನೂ ಮೊದಲೇ ನೆಲಕ್ಕೆ ಹಾಕಿರುತ್ತಾನೆ. ಬೆಲೆ ಅವನ ಕೈಯಲ್ಲಿಲ್ಲ, ಮೋಡವೂ ಇಲ್ಲ. ಯಾವ ಟ್ರೇಡರ್ ಕೂಡ ಇಷ್ಟು ಬರಿಗೈಯಲ್ಲಿ ಪೇಟೆಗೆ ಇಳಿಯುವುದಿಲ್ಲ. ಅವನ ತಲೆಯ ಮೇಲೆ ಮಿತಿ ಇರುತ್ತದೆ, ಬೆನ್ನ ಹಿಂದೆ ಕಣ್ಣಿಟ್ಟು ಕೂತ ಇಂಥ ಹುಡುಗಿ ಇರುತ್ತಾಳೆ. ರೈತನ ಬೆನ್ನ ಹಿಂದೆ ಸಾಲದ ಕಂತು ಇರುತ್ತದೆ.

ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವುದು ವ್ಯಾಲ್ಯೂ ಅಟ್ ರಿಸ್ಕ್. ಎಲ್ಲರ ಬಾಯಲ್ಲೂ ಅದು ವಾರ್. ನೂರು ದಿನಗಳಲ್ಲಿ 99 ದಿನ ನಮ್ಮ ನಷ್ಟ ಇಷ್ಟು ಮೊತ್ತವನ್ನು ಮೀರಲಾರದು ಎಂದು ಹೇಳುವ ಒಂದೇ ಒಂದು ಅಂಕಿ. ಜೆಪಿ ಮಾರ್ಗನ್ನಿನ ಮುಖ್ಯಸ್ಥರಾಗಿದ್ದ ಡೆನ್ನಿಸ್ ವೆದರ್‌ಸ್ಟೋನ್ ದಿನವೂ ಸಂಜೆ 4.15ಕ್ಕೆ ಇಡೀ ಬ್ಯಾಂಕಿನ ಅಪಾಯ ಒಂದು ಹಾಳೆಯಲ್ಲಿ ತಮ್ಮ ಮೇಜಿನ ಮೇಲಿರಬೇಕು ಎಂದು ಕೇಳಿದರು. ಆ ಹಾಳೆಯ ಹಿಂದಿನ ವಿಧಾನವನ್ನು ಬ್ಯಾಂಕು 1994ರಲ್ಲಿ ರಿಸ್ಕ್‌ಮೆಟ್ರಿಕ್ಸ್ ಹೆಸರಲ್ಲಿ ಎಲ್ಲರಿಗೂ ತೆರೆದಿಟ್ಟಿತು. 1996ರಲ್ಲಿ ಬಾಸೆಲ್ ಸಮಿತಿ ನಿಯಮಗಳೊಳಗೆ ಇದಕ್ಕೆ ಜಾಗ ಕೊಟ್ಟಿತು. ಅಂಕಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ, ಪರೀಕ್ಷೆ ಇದೆ: ಕಳೆದ 250 ವಹಿವಾಟಿನ ದಿನಗಳಲ್ಲಿ ನಷ್ಟ ಆ ಅಂಕಿಯನ್ನು ನಾಲ್ಕು ಸಲದವರೆಗೆ ಮೀರಿದರೆ ಹಸಿರು, ಐದರಿಂದ ಒಂಬತ್ತಾದರೆ ಹಳದಿ, ಹತ್ತಾಯಿತೆಂದರೆ ಕೆಂಪು. ಬಣ್ಣ ಏರಿದಂತೆ ಬ್ಯಾಂಕು ಹೆಚ್ಚು ಬಂಡವಾಳ ಕಟ್ಟಿಡಬೇಕು.

ಹುಡುಗಿ ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಈ ಗಣಿತ ಅವಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆ: ಮೀಟಿಂಗಿನಲ್ಲಿ ಇಂಗ್ಲಿಷು ಹರಿಯುವ ವೇಗ, ಎಲ್ಲಕ್ಕೂ ಇರುವ ಮೂರಕ್ಷರದ ಹೆಸರುಗಳು, ತನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು "ಈ ಅಂಕಿ ಎಲ್ಲಿಂದ ಬಂತು?" ಎಂದು ಕೇಳಬೇಕಾದ ಸಂಕೋಚ. ನಮ್ಮ ಕಡೆ ಹಿರಿಯರ ಮಾತಿಗೆ ಎದುರಾಡದಂತೆ ಬೆಳೆದ ಹೆಣ್ಣುಮಗಳಿಗೆ ಪ್ರಶ್ನೆ ಕೇಳುವುದಕ್ಕೇ ಸಂಬಳ ಬರುವ ಕೆಲಸ ಸಿಕ್ಕಿದೆ. ಇದು ಸಣ್ಣ ಬದಲಾವಣೆ ಅಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ತರಬೇತಿಯಲ್ಲಿ ಹೇಳುವ ಕತೆಗಳಿವೆ. 2012ರಲ್ಲಿ ಅದೇ ಜೆಪಿ ಮಾರ್ಗನ್ನಿನ ಲಂಡನ್ ಕಚೇರಿಯಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಆಮೇಲೆ ಬ್ಯಾಂಕೇ ನಡೆಸಿದ ವಿಚಾರಣೆಯಲ್ಲಿ ಗೊತ್ತಾದದ್ದು: ಅಪಾಯ ಅಳೆಯುವ ಹೊಸ ಮಾದರಿ ಓಡುತ್ತಿದ್ದದ್ದು ಕೈಯಿಂದ ನಕಲು ಮಾಡಿ ಅಂಟಿಸುವ ಎಕ್ಸೆಲ್ ಹಾಳೆಗಳ ಮೇಲೆ. ಒಂದು ಕಡೆ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಿದ್ದರು. ಏರಿಳಿತ ಇದ್ದದ್ದಕ್ಕಿಂತ ಕಡಿಮೆ ಕಂಡಿತ್ತು. ಅವಳ ದಿನದ ಅರ್ಧ ಹೋಗುವುದು ಇಂಥ ಹಾಳೆಗಳ ಸೂತ್ರಗಳನ್ನು ಒಂದೊಂದೇ ಬಿಚ್ಚಿ ನೋಡುವುದರಲ್ಲಿ. ಹೊರಗಿನವರಿಗೆ ನೀರಸವಾಗಿ ಕಂಡೀತು. ನನಗೆ ಹಾಗನ್ನಿಸುವುದಿಲ್ಲ.

ತರಬೇತಿಯ ಮೂರನೇ ವಾರ ಬೇಸಿಸ್ ರಿಸ್ಕ್ ಎಂಬ ಪಾಠ ಬಂತು. ನಷ್ಟ ಆಗುವುದು ಒಂದು ಕಡೆ, ರಕ್ಷಣೆ ತೆಗೆದುಕೊಂಡಿರುವುದು ಅದರಂತೆಯೇ ಕಾಣುವ ಇನ್ನೊಂದರ ಮೇಲೆ. ಎರಡೂ ಜೊತೆಯಲ್ಲೇ ಏರಿಳಿಯುತ್ತವೆ ಎಂದು ನಂಬಿರುತ್ತೇವೆ. ಒಂದು ದಿನ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಪಾಠ ಮಾಡುತ್ತಿದ್ದವರು ವಿಮಾನ ಕಂಪನಿ, ಕಚ್ಚಾ ಎಣ್ಣೆ ಎಂದು ಉದಾಹರಣೆ ಕೊಡುತ್ತಿದ್ದರೆ ಅವಳಿಗೆ ನೆನಪಾದದ್ದು ಸ್ವಂತ ಹೊಲ.

2018ರ ಮುಂಗಾರು. ಆ ವರ್ಷದ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಸಲ ಶಿವಮೊಗ್ಗದಲ್ಲಿ ಕಂಡಿತ್ತು. ಅಮೆರಿಕ ಖಂಡದ ಕೀಟ, ಆಫ್ರಿಕಾ ಹಾದು ನಮ್ಮ ಗೋವಿನಜೋಳಕ್ಕೆ ಬಿದ್ದಿತ್ತು. ಅಪ್ಪ ತಡವಾಗಿ ಬಿತ್ತಿದ್ದರು. ಸುತ್ತಲಿನ ಪೈರು ಬಲಿತ ಮೇಲೆ ಹುಳು ಇವರ ಎಳೆಯ ಸುಳಿಗೆ ಇಳಿಯಿತು. ಬೆಳಿಗ್ಗೆ ಹೊಲಕ್ಕೆ ಹೋದರೆ ಸುಳಿಯೊಳಗೆ ಕಟ್ಟಿಗೆಪುಡಿಯಂಥ ಹಿಕ್ಕೆ, ಎಲೆಗಳಲ್ಲಿ ಸಾಲು ತೂತು. ಫಸಲ್ ಬಿಮಾಕ್ಕೆ ಶೇ 2ರ ಕಂತು ಕಟ್ಟಿದ್ದರು. ಆದರೆ ಆ ವಿಮೆ ನೋಡುವುದು ಒಬ್ಬನ ಹೊಲವನ್ನಲ್ಲ, ಇಡೀ ಗ್ರಾಮ ಪಂಚಾಯಿತಿಯ ಸರಾಸರಿಯನ್ನು. ಆಯ್ದ ನಾಲ್ಕು ಹೊಲಗಳಲ್ಲಿ ತುಂಡು ಜಾಗ ಅಳೆದು, ಕೊಯ್ದು, ಒಕ್ಕಿ, ತೂಗುತ್ತಾರೆ. ಹಿಂದಿನ ವರ್ಷಗಳ ಇಳುವರಿಯಿಂದ ಒಂದು ಹೊಸ್ತಿಲು ಕಟ್ಟುತ್ತಾರೆ. ಹೊಸ್ತಿಲು ಎಕರೆಗೆ 20 ಕ್ವಿಂಟಲ್ ಇದ್ದು ಈ ವರ್ಷ 15 ಬಂದರೆ ವಿಮಾ ಮೊತ್ತದ ಕಾಲುಭಾಗ ಕೈಗೆ. ಸರಾಸರಿ ಹೊಸ್ತಿಲ ಮೇಲಿದ್ದರೆ ಏನೂ ಇಲ್ಲ. ಆಲಿಕಲ್ಲು, ಹೊಲಕ್ಕೆ ನೀರು ನುಗ್ಗುವಂಥ ಆಪತ್ತಿಗೆ 72 ಗಂಟೆಯೊಳಗೆ ತಿಳಿಸಿದರೆ ಒಬ್ಬನ ಹೊಲವನ್ನೇ ನೋಡುವ ಏರ್ಪಾಡಿದೆ. ಹುಳಕ್ಕೆ ಅದಿಲ್ಲ. ಪಂಚಾಯಿತಿಯ ಸರಾಸರಿ ಚೆನ್ನಾಗಿತ್ತು. ಅಪ್ಪನ ಕಣಜ ಖಾಲಿ ಇತ್ತು.

ಯಾರೂ ಮೋಸ ಮಾಡಿರಲಿಲ್ಲ. ಲೆಕ್ಕದ ಗುಣವೇ ಅದು. ಹೊಸ್ತಿಲು ಕಟ್ಟಿದ ಆ ವರ್ಷಗಳಲ್ಲಿ ಹುಳುವೇ ಇರಲಿಲ್ಲ. ಹಿಂದಿನದನ್ನಷ್ಟೇ ನೋಡಿ ಮುಂದಿನದನ್ನು ಅಳೆಯುವ ಯಾವ ಮಾದರಿಗೂ ಹೊಸ ಹುಳು ಕಾಣುವುದಿಲ್ಲ. 2020ರ ಏಪ್ರಿಲ್ 20ರಂದು ಇದೇ ಮಾತು ಜಗತ್ತಿನ ಎಣ್ಣೆ ಪೇಟೆಯಲ್ಲಿ ನಿಜವಾಯಿತು. ಕೊರೊನಾ ಕಾಲದಲ್ಲಿ ಎಣ್ಣೆ ಸುರಿದಿಡಲು ಜಾಗ ಸಾಲದೆ ಅಮೆರಿಕದ ಕಚ್ಚಾ ಎಣ್ಣೆಯ ಮೇ ತಿಂಗಳ ಒಪ್ಪಂದ ಪೀಪಾಯಿಗೆ ಮೈನಸ್ 37.63 ಡಾಲರಿಗೆ ಮುಗಿಯಿತು. ಮಾರುವವನೇ ಹಣ ಕೊಟ್ಟು ಸಾಗಹಾಕುವ ಸ್ಥಿತಿ. ಮುಂಬೈನ ಎಂಸಿಎಕ್ಸ್‌ನಲ್ಲಿ ಅದು ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ಬೆಲೆ ಸೊನ್ನೆಯ ಕೆಳಗೆ ಇಳಿಯಲಾರದು ಎಂಬ ನಂಬಿಕೆಯ ಮೇಲೆ ಕಟ್ಟಿದ ಸೂತ್ರಗಳು ಆ ದಿನ ಉತ್ತರ ಕೊಡಲಿಲ್ಲ.

ಆದ್ದರಿಂದಲೇ ಒಳ್ಳೆಯ ರಿಸ್ಕ್ ವಿಭಾಗದಲ್ಲಿ ವಾರ್ ಅಂಕಿಯ ಪಕ್ಕದಲ್ಲೇ ಸ್ಟ್ರೆಸ್ ಟೆಸ್ಟ್ ಇರುತ್ತದೆ. ಇದುವರೆಗೆ ನಡೆಯದದ್ದು ನಡೆದರೆ? ಒಂದೇ ವಾರದಲ್ಲಿ ಬಡ್ಡಿ ದರ ಜಿಗಿದರೆ, ಕರೆನ್ಸಿ ಕುಸಿದರೆ, ಎರಡೂ ಒಟ್ಟಿಗೆ ಆದರೆ? ಹಿರಿಯರು ಸಂದರ್ಭಗಳ ಪಟ್ಟಿ ಮಾಡುತ್ತಾರೆ, ಕಿರಿಯರು ಓಡಿಸಿ ನೋಡುತ್ತಾರೆ. ಮೊನ್ನೆ ಅಂಥ ಪಟ್ಟಿ ಅವಳ ಮುಂದೆ ಬಂದಾಗ ಒಂದೇ ಪ್ರಶ್ನೆ ಕೇಳಿದಳಂತೆ: "ಈ ಪಟ್ಟಿಯಲ್ಲಿರುವುದೆಲ್ಲ ಹಿಂದೆ ಎಲ್ಲೋ ಆಗಿರುವುದೇ. ಇನ್ನೂ ಆಗದಿರುವುದು ಯಾವುದು?" ಆ ಮಧ್ಯಾಹ್ನದ ಮೀಟಿಂಗು ಸಂಜೆ ಏಳರವರೆಗೆ, ನ್ಯೂಯಾರ್ಕ್ ಪೇಟೆ ತೆರೆಯುವ ಹೊತ್ತಿನವರೆಗೆ ನಡೆಯಿತು.

ದುಂಡಸಿಯಿಂದ ಆ ಕುರ್ಚಿಗೆ ಇರುವ ದಾರಿ ಕಿರಿದು. ಇಂಥ ಬ್ಯಾಂಕುಗಳ ನೇಮಕಾತಿ ತಂಡಗಳು ಐಐಟಿಗಳಂಥ ಕೆಲವೇ ಕ್ಯಾಂಪಸ್ಸುಗಳ ಬಾಗಿಲು ತಟ್ಟುತ್ತವೆ. ಉಳಿದವರು ಸಣ್ಣ ಕಂಪನಿಗಳಲ್ಲಿ ದತ್ತಾಂಶದ ಕೆಲಸ ಮಾಡುತ್ತ, ರಾತ್ರಿ ಪೈಥಾನ್ ಕಲಿಯುತ್ತ, ಗಾರ್ಪ್ ಸಂಸ್ಥೆ ನಡೆಸುವ ಎಫ್‌ಆರ್‌ಎಂ ಪರೀಕ್ಷೆಯ ಎರಡು ಹಂತ ದಾಟುತ್ತ ಸುತ್ತು ದಾರಿಯಲ್ಲಿ ಬರುತ್ತಾರೆ. ಇವಳು ಬಂದದ್ದೂ ಹಾಗೆಯೇ. ಪರೀಕ್ಷೆಯ ಶುಲ್ಕ ಡಾಲರಿನಲ್ಲಿ. ಅದು ನಮ್ಮ ಮಕ್ಕಳಿಗೆ ದೊಡ್ಡ ಮೊತ್ತ, ಅದಕ್ಕೆ ಯಾರಾದರೂ ಕೈಹಿಡಿಯಬೇಕು ಎಂಬುದು ನನ್ನ ಬಲವಾದ ಆಸೆ. ಸರಾಸರಿಯ ಹೊರಗೆ ಉಳಿದವನ ಮನೆಯಲ್ಲಿ ಬೆಳೆದವರು ಆ ಪರದೆಗಳ ಮುಂದೆ ಕೂತರೆ ಬ್ಯಾಂಕುಗಳಿಗೇ ಲಾಭ.

ಭಾನುವಾರ ಅವಳಿಗೆ ಶಿಗ್ಗಾಂವಿ, ಹಾನಗಲ್ಲ ಕಡೆಯ ಪದವಿ ವಿದ್ಯಾರ್ಥಿಗಳ ಫೋನುಗಳು ಬರುತ್ತವೆ. "ಅಕ್ಕಾರ, ಎಲ್ಲಿಂದ ಸುರು ಮಾಡೂಣ್ರಿ?" ಅವಳು ಪುಸ್ತಕದ ಹೆಸರು ಹೇಳುವುದಿಲ್ಲ. ನಿಮ್ಮ ಪಂಚಾಯಿತಿಯ ಗೋವಿನಜೋಳದ ಇಳುವರಿ ಏಳು ವರ್ಷದ್ದು ಹುಡುಕಿ, ಒಳ್ಳೆಯ ಐದು ವರ್ಷದ ಸರಾಸರಿ ತೆಗೀರಿ, ಆಮೇಲೆ ಮನೆಯಲ್ಲಿ ಅಪ್ಪನನ್ನು ಕೇಳಿ ನಿಮ್ಮ ಹೊಲದ್ದೂ ಏಳು ವರ್ಷದ್ದು ಬರೀರಿ, ಎರಡಕ್ಕೂ ಯಾವ ವರ್ಷ ಎಷ್ಟು ಫರಕು ಬಂತು, ಯಾಕೆ ಬಂತು ಅಂತ ಒಂದು ಪುಟ ಬರೆದು ಕಳಿಸಿ ಎನ್ನುತ್ತಾಳೆ. ಈವರೆಗೆ ಮೂವರು ಕಳಿಸಿದ್ದಾರೆ. ಒಬ್ಬನದು ಚೆನ್ನಾಗಿದೆ, ಕಾರಣದ ಜಾಗದಲ್ಲಿ ಹುಳುವಿನ ಜೊತೆಗೆ ಅವನು ಕಾಡುಹಂದಿಯನ್ನೂ ಸೇರಿಸಿದ್ದಾನೆ.